ಒಂದಕ್ಷರದ ವ್ಯತ್ಯಾಸ: ವಂಶವಾಹಿ, ಮಿದುಳು ಮತ್ತು ಮಾನಸಿಕ ಕಾಯಿಲೆ

ನಮ್ಮ ಊರುಗಳಲ್ಲಿ ಮದುವೆಯ ಮಾತುಕತೆ ಆರಂಭವಾದರೆ ಎರಡೂ ಕಡೆಯ ಹಿರಿಯರು ಕೆಲವು ವಿಷಯಗಳನ್ನು ಗುಟ್ಟಾಗಿ ವಿಚಾರಿಸುತ್ತಾರೆ. "ಅವರ ಮನೆತನದಲ್ಲಿ ಯಾರಿಗಾದರೂ ತಲೆ ಕೆಟ್ಟಿತ್ತಂತಾ?" ಎಂಬುದು ಅವುಗಳಲ್ಲೊಂದು. ಜಪಾನಿನಲ್ಲಿಯೂ ಮದುವೆಗೆ ಮುಂಚೆ ಮನೆತನ ವಿಚಾರಿಸುವ ರೂಢಿ ಬಹುಕಾಲ ಇತ್ತು. ಮಾನಸಿಕ ಕಾಯಿಲೆ ರಕ್ತದಲ್ಲೇ ಹರಿದು ಬರುತ್ತದೆ, ಬರುವುದಿದ್ದರೆ ಬಂದೇ ತೀರುತ್ತದೆ ಎಂಬ ನಂಬಿಕೆ ಈ ಪ್ರಶ್ನೆಯ ಹಿಂದಿದೆ. ಇದೇ ಭಯದಿಂದ ಎಷ್ಟೋ ಮನೆಗಳಲ್ಲಿ ಕಾಯಿಲೆಯಾದವರನ್ನು ವೈದ್ಯರ ಬಳಿ ಕರೆದೊಯ್ಯುವ ಬದಲು ನೆಂಟರ ಕಣ್ಣಿಗೆ ಬೀಳದಂತೆ ಮುಚ್ಚಿಡುತ್ತಾರೆ.

ಈ ನಂಬಿಕೆಯಲ್ಲಿ ನಿಜವೆಷ್ಟು, ತಪ್ಪೆಷ್ಟು? ಕಳೆದ ಇಪ್ಪತ್ತೈದು ವರ್ಷಗಳಲ್ಲಿ ವಿಜ್ಞಾನಿಗಳು ಇದಕ್ಕೆ ಬಹಳಷ್ಟು ಉತ್ತರ ಕಂಡುಕೊಂಡಿದ್ದಾರೆ. ಆ ಉತ್ತರದ ಒಂದು ಭಾಗ ನಾವು ನೆಲೆಸಿರುವ ಈ ಜಪಾನಿನಲ್ಲೇ, ಟೋಕಿಯೊಗೆ ಹತ್ತಿರದ ವಾಕೋ ನಗರದ ಪ್ರಯೋಗಾಲಯದಲ್ಲಿ ಸಿಕ್ಕಿದ್ದು. ಇನ್ನೊಂದು ಭಾಗ ನಮ್ಮ ಬೆಂಗಳೂರಿನಲ್ಲಿ ಈಗಲೂ ಹುಡುಕಾಟದಲ್ಲಿದೆ. ಪ್ರೌಢಶಾಲೆಯ ವಿಜ್ಞಾನ ಪಾಠ ಓದಿದ ಯಾರಿಗೂ ಅರ್ಥವಾಗುವಂತೆ ಇದನ್ನು ಹಂತ ಹಂತವಾಗಿ ತಿಳಿದುಕೊಳ್ಳೋಣ.

ಉಗ್ರಾಣದ ಪುಸ್ತಕ, ಅಡುಗೆಮನೆಯ ಚೀಟಿ

ನಮ್ಮ ದೇಹದ ಬಹುತೇಕ ಪ್ರತಿಯೊಂದು ಜೀವಕೋಶದ ಕೇಂದ್ರದಲ್ಲಿ ಡಿಎನ್‌ಎ ಎಂಬ ಉದ್ದನೆಯ ಎಳೆ ಇದೆ. ಎ, ಟಿ, ಜಿ, ಸಿ ಎಂಬ ನಾಲ್ಕೇ ಅಕ್ಷರಗಳಲ್ಲಿ ಬರೆದ ಪುಸ್ತಕವೆಂದು ಅದನ್ನು ಭಾವಿಸಬಹುದು. ಅದರಲ್ಲಿ ಸುಮಾರು 300 ಕೋಟಿ ಅಕ್ಷರಗಳಿವೆ. ತಾಯಿಯಿಂದ ಒಂದು, ತಂದೆಯಿಂದ ಒಂದು, ಹೀಗೆ ಪುಸ್ತಕದ ಎರಡು ಪ್ರತಿಗಳು ನಮ್ಮಲ್ಲಿರುತ್ತವೆ. ಪ್ರೋಟೀನ್ ತಯಾರಿಸುವ ವಿಧಾನವನ್ನು ಹೇಳುವ ಭಾಗಗಳಿಗೆ ವಂಶವಾಹಿಗಳು ಎಂದು ಹೆಸರು. ಅಂಥವು ಸುಮಾರು 20,000 ಇವೆ. ಅಚ್ಚರಿಯ ಸಂಗತಿಯೆಂದರೆ ಪ್ರೋಟೀನಿನ ವಿಧಾನವನ್ನು ನೇರವಾಗಿ ಹೇಳುವ ಅಕ್ಷರಗಳು ಇಡೀ ಪುಸ್ತಕದ ನೂರರಲ್ಲಿ ಎರಡು ಪಾಲಿಗಿಂತಲೂ ಕಡಿಮೆ.

ಒಂದು ದೊಡ್ಡ ಮದುವೆಮನೆಯ ಅಡುಗೆಯನ್ನು ಕಲ್ಪಿಸಿಕೊಳ್ಳಿ. ಅಡುಗೆಯ ಪುಸ್ತಕ ಉಗ್ರಾಣದಲ್ಲಿ ಭದ್ರವಾಗಿದೆ. ಅದನ್ನು ಒಲೆಯ ಬಳಿಗೆ ತರುವಂತಿಲ್ಲ. ಉಗ್ರಾಣದವರು ಬೇಕಾದ ಅಡುಗೆಯ ವಿಧಾನವನ್ನು ಚೀಟಿಯಲ್ಲಿ ನಕಲು ಮಾಡಿ ಹೊರಗೆ ಕಳಿಸುತ್ತಾರೆ. ಒಂದೊಂದು ಚೀಟಿಗೂ ಒಂದೊಂದು ಪಾತ್ರೆ ಅಡುಗೆ ತಯಾರಾಗುತ್ತದೆ. ಹುಳಿಯ ಚೀಟಿ ಹತ್ತು ಬಂದರೆ ಹತ್ತು ಪಾತ್ರೆ ಹುಳಿ, ಪಾಯಸದ ಚೀಟಿ ಎರಡು ಬಂದರೆ ಎರಡೇ ಪಾತ್ರೆ ಪಾಯಸ. ಜೀವಕೋಶದಲ್ಲಿಯೂ ಹೀಗೆಯೇ. ಡಿಎನ್‌ಎ ಪುಸ್ತಕವಾದರೆ ಆರ್‌ಎನ್‌ಎ ಚೀಟಿ, ಪ್ರೋಟೀನ್ ತಯಾರಾದ ಅಡುಗೆ. ಒಂದು ವಂಶವಾಹಿಯಿಂದ ಎಷ್ಟು ಚೀಟಿಗಳು ಹೊರಬರುತ್ತವೆ ಎಂಬುದನ್ನೇ ವಂಶವಾಹಿಯ ಅಭಿವ್ಯಕ್ತಿ ಎನ್ನುತ್ತಾರೆ.

ಯಕೃತ್ತಿನ ಜೀವಕೋಶದಲ್ಲೂ ಮಿದುಳಿನ ಜೀವಕೋಶದಲ್ಲೂ ಇರುವುದು ಒಂದೇ ಪುಸ್ತಕ. ಆದರೂ ಅವು ಬೇರೆ ಬೇರೆ ಕೆಲಸ ಮಾಡುತ್ತವೆ. ಯಾವ ಚೀಟಿ, ಯಾವಾಗ, ಎಷ್ಟು ಎಂಬ ಲೆಕ್ಕ ಬೇರೆಯಾಗಿರುವುದೇ ಇದಕ್ಕೆ ಕಾರಣ. ಈ ಲೆಕ್ಕವನ್ನು ನಿರ್ಧರಿಸುವ ಸೂಚನೆಗಳು ಪುಸ್ತಕದ ಅಂಚುಗಳಲ್ಲಿ, ವಿಧಾನಗಳ ನಡುವಿನ ಖಾಲಿ ಎನಿಸುವ ಪುಟಗಳಲ್ಲಿ ಬರೆದಿರುತ್ತವೆ.

ಎರಡು ಬಗೆಯ ವ್ಯತ್ಯಾಸ: ಕಿವಿಯ ಗುಗ್ಗೆ ಮತ್ತು ಹಾಲು

ಯಾವ ಇಬ್ಬರ ಪುಸ್ತಕವೂ ಅಕ್ಷರಶಃ ಒಂದೇ ಆಗಿರುವುದಿಲ್ಲ. ಲಕ್ಷಾಂತರ ಕಡೆ ಒಂದೊಂದು ಅಕ್ಷರ ಬೇರೆಯಾಗಿರುತ್ತದೆ. ಇದು ದೋಷವೇನಲ್ಲ, ಸಹಜ ವೈವಿಧ್ಯ. ಆದರೆ ವ್ಯತ್ಯಾಸ ಎಲ್ಲಿದೆ ಎಂಬುದರ ಮೇಲೆ ಅದರ ಪರಿಣಾಮ ನಿಂತಿದೆ.

ಮೊದಲನೆಯ ಬಗೆಗೆ ಜಪಾನಿನದೇ ಉದಾಹರಣೆ ಇದೆ. ಬಹುಪಾಲು ಜಪಾನೀಯರ ಕಿವಿಯ ಗುಗ್ಗೆ ಒಣಗಿದ ಪುಡಿಯಂತಿರುತ್ತದೆ. ಯುರೋಪು ಮತ್ತು ಆಫ್ರಿಕಾದ ಹೆಚ್ಚಿನವರದು ಜಿಗುಟು. 2006ರಲ್ಲಿ ನಾಗಸಾಕಿ ವಿಶ್ವವಿದ್ಯಾಲಯದ ಸಂಶೋಧಕರು ಇದಕ್ಕೆ ಕಾರಣವನ್ನು ಕಂಡುಹಿಡಿದರು. ಎಬಿಸಿಸಿ11 ಎಂಬ ವಂಶವಾಹಿಯಲ್ಲಿ ಒಂದೇ ಒಂದು ಅಕ್ಷರ, ಜಿ ಇರುವ ಜಾಗದಲ್ಲಿ ಎ. ಆಮೇಲೆ ಜಪಾನಿನ ಹಲವು ಪ್ರೌಢಶಾಲೆಗಳ ವಿದ್ಯಾರ್ಥಿಗಳೇ ಸೇರಿ ಉಗುರಿನ ಚೂರುಗಳನ್ನು ಸಂಗ್ರಹಿಸಿ, ಈ ಅಕ್ಷರ ದೇಶದ ಯಾವ ಭಾಗದಲ್ಲಿ ಎಷ್ಟಿದೆ ಎಂಬ ನಕ್ಷೆ ತಯಾರಿಸಲು ನೆರವಾದರು. ಅದು 2009ರಲ್ಲಿ ಪ್ರಕಟವಾಯಿತು. ಇಲ್ಲಿ ಬದಲಾದದ್ದು ಅಡುಗೆಯ ವಿಧಾನವೇ. ಆದ್ದರಿಂದ ತಯಾರಾಗುವ ಪ್ರೋಟೀನ್ ಕೂಡ ಬೇರೆ.

ಎರಡನೆಯ ಬಗೆಗೆ ಹಾಲಿನ ಉದಾಹರಣೆ ನೋಡೋಣ. ಹಾಲಿನ ಸಕ್ಕರೆಯನ್ನು ಅರಗಿಸುವ ಲ್ಯಾಕ್ಟೇಸ್ ಎಂಬ ಕಿಣ್ವ ಎಳೆಯ ಮಕ್ಕಳೆಲ್ಲರ ಕರುಳಿನಲ್ಲಿ ತಯಾರಾಗುತ್ತದೆ. ಹಾಲು ಬಿಡಿಸಿದ ಮೇಲೆ ಪ್ರಪಂಚದ ಬಹಳಷ್ಟು ಜನರಲ್ಲಿ ಅದು ಕ್ರಮೇಣ ಇಳಿಯುತ್ತದೆ. ಬಹುಪಾಲು ಜಪಾನೀ ವಯಸ್ಕರಲ್ಲಿ ಹೀಗೆಯೇ ಆಗುತ್ತದೆ. ಯುರೋಪಿನ ಅನೇಕರಲ್ಲಿ ಮತ್ತು ನಮ್ಮ ದೇಶದ ಒಂದು ಪಾಲು ಜನರಲ್ಲಿ ಮಾತ್ರ ದೊಡ್ಡವರಾದ ಮೇಲೂ ಕಿಣ್ವ ತಯಾರಾಗುತ್ತಲೇ ಇರುತ್ತದೆ. 2002ರಲ್ಲಿ ಫಿನ್ಲೆಂಡಿನ ವಿಜ್ಞಾನಿಗಳು ಕಾರಣವಾದ ಅಕ್ಷರವನ್ನು ಗುರುತಿಸಿದಾಗ ಅದು ಲ್ಯಾಕ್ಟೇಸ್ ವಂಶವಾಹಿಯೊಳಗೆ ಇರಲೇ ಇಲ್ಲ. ಅಲ್ಲಿಂದ ಸುಮಾರು 14,000 ಅಕ್ಷರಗಳಷ್ಟು ದೂರದಲ್ಲಿ, ಪಕ್ಕದ ಇನ್ನೊಂದು ವಂಶವಾಹಿಯ ನಡುವೆ ಇತ್ತು. ಸಿ ಇರುವ ಜಾಗದಲ್ಲಿ ಟಿ ಇದ್ದರೆ ಕಿಣ್ವದ ಚೀಟಿಗಳು ನಿಲ್ಲದೆ ಬರುತ್ತವೆ. ಅಡುಗೆಯ ವಿಧಾನ ಒಂದು ಅಕ್ಷರವೂ ಬದಲಾಗಿಲ್ಲ, ಬದಲಾದದ್ದು ಅಳತೆ ಮಾತ್ರ.

ಈ ಎರಡನೆಯ ಬಗೆಯನ್ನು ಚೆನ್ನಾಗಿ ನೆನಪಿಟ್ಟುಕೊಳ್ಳೋಣ. ಮಾನಸಿಕ ಕಾಯಿಲೆಗಳ ವಿಷಯದಲ್ಲಿ ಹೆಚ್ಚಾಗಿ ನಡೆಯುವುದು ಇದೇ.

ಒಂದು ವಂಶವಾಹಿಯ ಹುಡುಕಾಟ ವಿಫಲವಾದದ್ದು

ಸ್ಕಿಜೋಫ್ರೇನಿಯಾ ಸುಮಾರು ನೂರರಲ್ಲಿ ಒಬ್ಬರಿಗೆ ಬರಬಹುದಾದ ಕಾಯಿಲೆ. ಇಲ್ಲದ ಧ್ವನಿ ಕೇಳಿಸುವುದು, ಆಧಾರವಿಲ್ಲದ ಸಂಶಯ ಗಟ್ಟಿಯಾಗುವುದು, ಯೋಚನೆಯ ಕೊಂಡಿ ತಪ್ಪುವುದು ಅದರ ಲಕ್ಷಣಗಳು. ಬೈಪೋಲಾರ್ ಕಾಯಿಲೆಯಲ್ಲಿ ಕೆಲವು ಕಾಲ ಅತಿಯಾದ ಉತ್ಸಾಹ, ಕೆಲವು ಕಾಲ ಆಳವಾದ ಖಿನ್ನತೆ. ಇವು ಕುಟುಂಬಗಳಲ್ಲಿ ಹೆಚ್ಚಾಗಿ ಕಾಣುತ್ತವೆ ಎಂಬುದು ನಿಜ. ಹಾಗೆಂದು ಒಂದೇ ಹೋಲುವ ಅವಳಿಗಳಲ್ಲಿ ಒಬ್ಬರಿಗೆ ಸ್ಕಿಜೋಫ್ರೇನಿಯಾ ಇದ್ದರೆ ಇನ್ನೊಬ್ಬರಿಗೂ ಇದ್ದೇ ತೀರುತ್ತದೆ ಎಂದಿಲ್ಲ. ಇಬ್ಬರಿಗೂ ಬರುವುದು ಅರ್ಧಕ್ಕಿಂತ ಕಡಿಮೆ ಜೋಡಿಗಳಲ್ಲಿ. ಪುಸ್ತಕ ಪೂರ್ತಿ ಒಂದೇ ಆಗಿದ್ದರೂ ಕಥೆ ಬೇರೆಯಾಗಬಹುದು ಎಂದಾಯಿತು. ತಂದೆ ಅಥವಾ ತಾಯಿ ಒಬ್ಬರಿಗೆ ಈ ಕಾಯಿಲೆ ಇದ್ದರೂ ಹತ್ತರಲ್ಲಿ ಸುಮಾರು ಒಂಬತ್ತು ಮಕ್ಕಳಿಗೆ ಅದು ಬರುವುದಿಲ್ಲ. ಬಹುಪಾಲು ರೋಗಿಗಳ ತಂದೆ, ತಾಯಿ, ಒಡಹುಟ್ಟಿದವರಲ್ಲಿ ಯಾರಿಗೂ ಈ ಕಾಯಿಲೆ ಇರುವುದಿಲ್ಲ.

ಕಾಯಿಲೆಗೆ ಕಾರಣವಾದ ಆ 'ಒಂದು' ವಂಶವಾಹಿಗಾಗಿ ವಿಜ್ಞಾನಿಗಳು ಬಹಳ ವರ್ಷ ಹುಡುಕಿದರು. ಅಂಥದ್ದು ಸಿಗಲಿಲ್ಲ. ಬಳಿಕ ಸಾವಿರಾರು ರೋಗಿಗಳ ಮತ್ತು ಕಾಯಿಲೆಯಿಲ್ಲದವರ ಇಡೀ ಡಿಎನ್‌ಎಯನ್ನು ಹೋಲಿಸುವ ವಿಧಾನ ಬಂದಿತು. 2022ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಅಧ್ಯಯನದಲ್ಲಿ 76,755 ಸ್ಕಿಜೋಫ್ರೇನಿಯಾ ರೋಗಿಗಳನ್ನೂ 2,43,649 ಇತರರನ್ನೂ ಹೋಲಿಸಿ 287 ತಾಣಗಳನ್ನು ಗುರುತಿಸಲಾಯಿತು. ಅವುಗಳಲ್ಲಿ ಹೆಚ್ಚಿನವು ಪುಸ್ತಕದ ಅಂಚುಗಳಲ್ಲಿ, ಅಳತೆಯ ಸೂಚನೆಗಳಿರುವ ಜಾಗಗಳಲ್ಲಿವೆ.

ಒಂದೊಂದು ಅಕ್ಷರದ ಪರಿಣಾಮ ಎಷ್ಟು? ಸಾವಿರ ಜನರಲ್ಲಿ ಹತ್ತು ಮಂದಿಗೆ ಕಾಯಿಲೆ ಬರುವುದಿದ್ದರೆ, ಆ ಅಕ್ಷರ ಇರುವ ಸಾವಿರ ಜನರಲ್ಲಿ ಸಾಮಾನ್ಯವಾಗಿ ಸುಮಾರು ಹನ್ನೊಂದು ಮಂದಿಗೆ ಬಂದೀತು. ಇಂಥ ಅಕ್ಷರಗಳು ನಮ್ಮೆಲ್ಲರಲ್ಲೂ ನೂರಾರು ಇವೆ. ಕಾಯಿಲೆಯ 'ಕೆಟ್ಟ ರಕ್ತ' ಇರುವ ಮನೆತನ, ಇಲ್ಲದ ಮನೆತನ ಎಂಬ ಎರಡು ಗುಂಪುಗಳು ಪ್ರಪಂಚದಲ್ಲಿ ಇಲ್ಲ. ದೊಡ್ಡ ಪರಿಣಾಮ ಬೀರುವ ವ್ಯತ್ಯಾಸಗಳೂ ಕೆಲವಿವೆ, ಆದರೆ ಬಹಳ ಅಪರೂಪ. 22ನೆಯ ವರ್ಣತಂತುವಿನ ಒಂದು ಚೂರು ಇಲ್ಲದಿರುವುದು ಅಂಥದ್ದು. ಅದಿರುವವರಲ್ಲಿಯೂ ಸ್ಕಿಜೋಫ್ರೇನಿಯಾದಂತಹ ಕಾಯಿಲೆ ಬರುವುದು ಸುಮಾರು ನಾಲ್ಕರಲ್ಲಿ ಒಬ್ಬರಿಗೆ.

ಮಿದುಳಿನಲ್ಲಿ ಚೀಟಿಗಳನ್ನು ಎಣಿಸುವುದು ಹೇಗೆ?

ತಾಣ ಸಿಕ್ಕಿತು ಎಂದ ಮಾತ್ರಕ್ಕೆ ಅದು ಮಾಡುವ ಕೆಲಸ ತಿಳಿಯುವುದಿಲ್ಲ. ಅಂಚಿನಲ್ಲಿರುವ ಸೂಚನೆ ಯಾವ ಅಡುಗೆಗೆ ಸೇರಿದ್ದು ಎಂದು ಹೇಳಬೇಕಾದರೆ ಚೀಟಿಗಳನ್ನು ಎಣಿಸಬೇಕು. ಅದೂ ಮಿದುಳಿನಲ್ಲೇ ಎಣಿಸಬೇಕು. ಬದುಕಿರುವವರ ಮಿದುಳಿನಿಂದ ಚೂರು ತೆಗೆಯಲಾಗದು. ಆದ್ದರಿಂದ ಈ ವಿಜ್ಞಾನವೆಲ್ಲ ನಿಂತಿರುವುದು ಮರಣಾನಂತರ ಮಿದುಳನ್ನು ದಾನ ಮಾಡಿದವರ ಮತ್ತು ಅದಕ್ಕೆ ಒಪ್ಪಿದ ಕುಟುಂಬದವರ ಔದಾರ್ಯದ ಮೇಲೆ.

ಎಣಿಕೆಯ ವಿಧಾನವನ್ನು ಒಂದು ಕಾಲ್ಪನಿಕ ಲೆಕ್ಕದಿಂದ ತಿಳಿಯೋಣ. ಒಂದು ತಾಣದಲ್ಲಿ ಸಿ ಅಥವಾ ಟಿ ಇರಬಹುದು ಎಂದುಕೊಳ್ಳಿ. ತಾಯಿಯಿಂದ ಒಂದು, ತಂದೆಯಿಂದ ಒಂದು ಅಕ್ಷರ ಬರುವುದರಿಂದ ಜನರಲ್ಲಿ ಸಿಸಿ, ಸಿಟಿ, ಟಿಟಿ ಎಂಬ ಮೂರು ಗುಂಪುಗಳಾಗುತ್ತವೆ. ಪಕ್ಕದ ವಂಶವಾಹಿಯ ಚೀಟಿಗಳನ್ನು ಎಣಿಸಿದಾಗ ಸಿಸಿ ಗುಂಪಿನಲ್ಲಿ ಸರಾಸರಿ 100, ಸಿಟಿಯಲ್ಲಿ 80, ಟಿಟಿಯಲ್ಲಿ 60 ಬಂದವು ಎನ್ನಿ. ಮೆಟ್ಟಿಲಿನಂತೆ ಇಳಿಯುವ ಈ ಸಂಖ್ಯೆಗಳನ್ನು ನೋಡಿದರೆ ಒಂದೊಂದು ಟಿ ಸೇರಿದಂತೆಲ್ಲ 20 ಚೀಟಿ ಕಡಿಮೆಯಾಗುತ್ತಿರುವುದು ಸ್ಪಷ್ಟ. ಹೀಗೆ ಚೀಟಿಗಳ ಸಂಖ್ಯೆಯನ್ನು ಬದಲಿಸುವ ತಾಣಕ್ಕೆ ವಿಜ್ಞಾನಿಗಳು ಇ-ಕ್ಯೂಟಿಎಲ್ ಎಂಬ ಹೆಸರಿಟ್ಟಿದ್ದಾರೆ. ಆ ಟಿ ಅಕ್ಷರವೇ ರೋಗಿಗಳಲ್ಲಿ ಹೆಚ್ಚಾಗಿ ಕಂಡರೆ, ಈ ವಂಶವಾಹಿಯ ಚೀಟಿ ಕಡಿಮೆಯಾಗುವುದಕ್ಕೂ ಕಾಯಿಲೆಗೂ ನಂಟಿರಬಹುದು ಎಂಬ ಸುಳಿವು ಸಿಗುತ್ತದೆ.

ರೋಗಿಗಳ ಮಿದುಳಿನಲ್ಲಿ ಚೀಟಿಗಳನ್ನು ನೇರವಾಗಿ ಎಣಿಸಿದರೆ ಸಾಲದೇ, ಅಕ್ಷರಗಳೇಕೆ ಬೇಕು ಎಂದು ಕೇಳಬಹುದು. ವರ್ಷಗಟ್ಟಲೆ ತೆಗೆದುಕೊಂಡ ಔಷಧ, ಧೂಮಪಾನ, ನಿದ್ರೆಗೆಟ್ಟ ರಾತ್ರಿಗಳು, ಸಂಕಟ ಎಲ್ಲವೂ ಚೀಟಿಗಳ ಲೆಕ್ಕವನ್ನು ಬದಲಿಸುತ್ತವೆ. ಹಾಗಾಗಿ ಕಂಡ ವ್ಯತ್ಯಾಸ ಕಾಯಿಲೆಯ ಕಾರಣವೋ ಅದರ ಫಲವೋ ಹೇಳಲಾಗದು. ಡಿಎನ್‌ಎ ಅಕ್ಷರ ಹಾಗಲ್ಲ. ಅದು ಹುಟ್ಟುವ ಮೊದಲೇ ಇರುತ್ತದೆ, ಔಷಧದಿಂದ ಬದಲಾಗುವುದಿಲ್ಲ. ಕಾರಣದ ದಿಕ್ಕು ಯಾವ ಕಡೆಗೆ ಎಂದು ತಿಳಿಯಲು ಅದು ನೆರವಾಗುತ್ತದೆ.

2016ರಲ್ಲಿ ಕಾಮನ್‌ಮೈಂಡ್ ಎಂಬ ಒಕ್ಕೂಟ 467 ಜನರ ಮಿದುಳಿನ ಮುಂಭಾಗದ ಚೀಟಿಗಳನ್ನು ಎಣಿಸಿತು. ಸ್ಕಿಜೋಫ್ರೇನಿಯಾಕ್ಕೆ ಸಂಬಂಧಿಸಿ ಆಗ ತಿಳಿದಿದ್ದ ತಾಣಗಳಲ್ಲಿ ಸುಮಾರು ಐದರಲ್ಲಿ ಒಂದು ಯಾವುದೋ ವಂಶವಾಹಿಯ ಅಳತೆಯನ್ನು ಬದಲಿಸುವಂತೆ ಕಂಡಿತು. 2018ರಲ್ಲಿ ಸೈಕ್‌ಎನ್‌ಕೋಡ್ ಎಂಬ ಇನ್ನೂ ದೊಡ್ಡ ಯೋಜನೆ 1,866 ಜನರ ಮಿದುಳುಗಳ ಮಾಹಿತಿಯನ್ನು ಒಟ್ಟುಗೂಡಿಸಿತು. ಒಂದೇ ಅಕ್ಷರ ನರಕೋಶದಲ್ಲಿ ಒಂದು ರೀತಿ, ಪಕ್ಕದ ಪೋಷಕ ಕೋಶದಲ್ಲಿ ಇನ್ನೊಂದು ರೀತಿ ವರ್ತಿಸಬಹುದು. ಗರ್ಭದಲ್ಲಿರುವಾಗ ಮಾತ್ರ ಕೆಲಸ ಮಾಡಿ ಆಮೇಲೆ ಸುಮ್ಮನಾಗಲೂಬಹುದು. ಹಾಗಾಗಿ ಈಗ ಜೀವಕೋಶಗಳನ್ನು ಒಂದೊಂದಾಗಿ ಬೇರ್ಪಡಿಸಿ ಎಣಿಸುವ ಕೆಲಸ ನಡೆದಿದೆ.

ಚೀಟಿ ಹೆಚ್ಚಾದರೆ ಏನಾಗುತ್ತದೆ?

ಸ್ಪಷ್ಟವಾಗಿ ಬಿಡಿಸಲಾದ ಒಂದು ಒಗಟು ಸಿ4 ಎಂಬ ವಂಶವಾಹಿಯದು. ಮೂಲತಃ ಇದು ರೋಗಾಣುಗಳ ವಿರುದ್ಧ ಹೋರಾಡುವ ವ್ಯವಸ್ಥೆಗೆ ಸೇರಿದ್ದು. ಸ್ಕಿಜೋಫ್ರೇನಿಯಾದ ಅಪಾಯವನ್ನು ಹೆಚ್ಚಿಸುವ ಸಿ4ನ ರೂಪಗಳು ಮಿದುಳಿನಲ್ಲಿ ಅದರ ಎ ವಿಧದ ಚೀಟಿಗಳನ್ನು ಹೆಚ್ಚಾಗಿ ಹೊರಡಿಸುತ್ತವೆ ಎಂದು 2016ರಲ್ಲಿ ಅಮೆರಿಕದ ಸ್ಟೀವನ್ ಮೆಕ್ಯಾರಲ್ ಮತ್ತು ಸಂಗಡಿಗರು ತೋರಿಸಿದರು.

ಮಿದುಳಿನಲ್ಲಿ ಈ ಪ್ರೋಟೀನಿಗೆ ಏನು ಕೆಲಸ? ಕಾಫಿ ತೋಟದಲ್ಲಿ ಬೇಡದ ರೆಂಬೆ ಸವರಿದರೆ ಉಳಿದವು ಚೆನ್ನಾಗಿ ಫಲ ಕೊಡುತ್ತವೆ. ಬೆಳೆಯುವ ಮಿದುಳು ಕೂಡ ನರಕೋಶಗಳ ನಡುವಿನ ಅನಗತ್ಯ ಸಂಪರ್ಕಗಳನ್ನು ಹೀಗೆ ಸವರುತ್ತದೆ. ಯಾವುದನ್ನು ತೆಗೆಯಬೇಕೆಂದು ಗುರುತು ಹಾಕುವ ಕೆಲಸದಲ್ಲಿ ಸಿ4 ಪಾಲ್ಗೊಳ್ಳುತ್ತದೆ ಎಂದು ಇಲಿಗಳಲ್ಲಿ ಕಂಡುಬಂದಿದೆ. ಗುರುತು ಅತಿಯಾದರೆ ಉಳಿಯಬೇಕಾದ ಸಂಪರ್ಕಗಳೂ ಹೋಗಬಹುದು. ಮುಂಭಾಗದ ಮಿದುಳಿನಲ್ಲಿ ಈ ಸವರುವಿಕೆ ಹದಿಹರೆಯದಲ್ಲಿ ಜೋರಾಗಿ ನಡೆಯುತ್ತದೆ. ಸ್ಕಿಜೋಫ್ರೇನಿಯಾ ಹೆಚ್ಚಾಗಿ ಹದಿಹರೆಯದ ಕೊನೆಯಲ್ಲಿ ಅಥವಾ ಇಪ್ಪತ್ತರ ಆಸುಪಾಸಿನಲ್ಲಿ ತಲೆದೋರುವುದಕ್ಕೆ ಇದು ಒಂದು ಕಾರಣವಿರಬಹುದು.

2019ರಲ್ಲಿ ಜಪಾನ್ ಸೇರಿದಂತೆ ಪೂರ್ವ ಏಷ್ಯಾ ಮೂಲದ 22,778 ರೋಗಿಗಳ ಅಧ್ಯಯನ ಪ್ರಕಟವಾಯಿತು. ಅದರಲ್ಲಿ ಸಿ4 ಇರುವ ತಾಣ ಎದ್ದು ಕಾಣಲಿಲ್ಲ. ಆ ಭಾಗದ ಡಿಎನ್‌ಎ ಒಂದು ಪ್ರದೇಶದ ಜನರಿಂದ ಇನ್ನೊಂದು ಪ್ರದೇಶದ ಜನರಿಗೆ ಬಹಳ ಬೇರೆಯಾಗಿರುವುದೇ ಕಾರಣವಿರಬೇಕೆಂದು ಸಂಶೋಧಕರು ಭಾವಿಸುತ್ತಾರೆ. ಆದರೂ ಒಟ್ಟಾರೆ ನೋಡಿದಾಗ ಯುರೋಪಿಯನ್ನರಲ್ಲಿ ಮತ್ತು ಪೂರ್ವ ಏಷ್ಯಾದವರಲ್ಲಿ ಈ ಕಾಯಿಲೆಯ ಆನುವಂಶಿಕ ಬುನಾದಿ ಬಹುತೇಕ ಒಂದೇ ಎಂದು ಅದೇ ಅಧ್ಯಯನ ಹೇಳಿತು. ಒಂದು ಖಂಡದ ಜನರನ್ನು ಮಾತ್ರ ಅಧ್ಯಯನ ಮಾಡಿದರೆ ಸಾಲದು ಎಂಬುದಕ್ಕೆ ಇದು ಒಳ್ಳೆಯ ನಿದರ್ಶನ.

ವಾಕೋದ ಅವಳಿಗಳು

ಈಗ ಜಪಾನಿನ ಕಥೆಗೆ ಬರೋಣ. ಸೈತಾಮಾ ಪ್ರಾಂತ್ಯದ ವಾಕೋ ನಗರದಲ್ಲಿ ರಿಕೆನ್ ಸಂಸ್ಥೆ 1997ರಲ್ಲಿ ಮಿದುಳು ವಿಜ್ಞಾನ ಕೇಂದ್ರವನ್ನು ಆರಂಭಿಸಿತು. ಅಲ್ಲಿ ತದಾಫುಮಿ ಕಾತೋ ಅವರ ತಂಡ ಬೈಪೋಲಾರ್ ಕಾಯಿಲೆಯನ್ನು ಅಧ್ಯಯನ ಮಾಡುತ್ತಿತ್ತು. ಒಂದೇ ಹೋಲುವ ಅವಳಿಗಳಲ್ಲಿ ಒಬ್ಬರಿಗೆ ಕಾಯಿಲೆ ಇದ್ದು ಇನ್ನೊಬ್ಬರಿಗೆ ಇಲ್ಲದಂತಹ ಎರಡು ಜೋಡಿಗಳ ರಕ್ತದಿಂದ ಬೆಳೆಸಿದ ಜೀವಕೋಶಗಳಲ್ಲಿ ಅವರು ಚೀಟಿಗಳನ್ನು ಹೋಲಿಸಿದರು. ಕಾಯಿಲೆ ಇದ್ದವರಲ್ಲಿ ಎಕ್ಸ್‌ಬಿಪಿ1 ಎಂಬ ವಂಶವಾಹಿಯ ಚೀಟಿಗಳು ಕಡಿಮೆಯಿದ್ದವು. ಜೀವಕೋಶದೊಳಗೆ ಸರಿಯಾಗಿ ಮಡಿಚಿಕೊಳ್ಳದ ಪ್ರೋಟೀನುಗಳು ಗುಡ್ಡೆಬಿದ್ದಾಗ ಅವನ್ನು ಸರಿಪಡಿಸುವ ವ್ಯವಸ್ಥೆಗೆ ಚಾಲನೆ ಕೊಡುವುದು ಈ ವಂಶವಾಹಿಯ ಕೆಲಸ. ಅಗತ್ಯ ಬಿದ್ದಾಗ ಅದು ತನ್ನದೇ ಚೀಟಿಗಳನ್ನು ತಾನೇ ಹೆಚ್ಚಿಸಿಕೊಳ್ಳುತ್ತದೆ.

ತಂಡ ಮುಂದೆ ಹುಡುಕಿದಾಗ ವಂಶವಾಹಿಗೆ 116 ಅಕ್ಷರ ಹಿಂದೆ, ಅಂಚಿನ ಸೂಚನೆಯಲ್ಲಿ, ಕೆಲವರಿಗೆ ಸಿ, ಕೆಲವರಿಗೆ ಜಿ ಇರುವುದು ಕಂಡಿತು. ಜಿ ಇದ್ದಾಗ ಈ ಸ್ವಯಂ ಹೆಚ್ಚಳ ದುರ್ಬಲವಾಗುತ್ತಿತ್ತು. ಬೈಪೋಲಾರ್ ಕಾಯಿಲೆಗೆ ಕೊಡುವ ವಾಲ್‌ಪ್ರೊಯೇಟ್ ಔಷಧ ಹಾಕಿದಾಗ ಜೀವಕೋಶಗಳು ಚೇತರಿಸಿಕೊಂಡವು. ಅವರು ಪರೀಕ್ಷಿಸಿದ ರೋಗಿಗಳಲ್ಲಿ ಜಿ ಹೆಚ್ಚಾಗಿಯೂ ಇತ್ತು. 2003ರಲ್ಲಿ ಇದು ಪ್ರಕಟವಾದಾಗ ಬಹಳ ಗಮನ ಸೆಳೆಯಿತು. ಅಂಚಿನ ಒಂದಕ್ಷರ, ಚೀಟಿಯ ಲೆಕ್ಕ, ಕಾಯಿಲೆ, ಔಷಧ ಎಲ್ಲವೂ ಒಂದೇ ಸಾಲಿನಲ್ಲಿ ಸೇರಿದಂತೆ ಕಂಡಿತು.

ಇಲ್ಲಿ ಎರಡು ಪಾಠಗಳಿವೆ. ಮೊದಲನೆಯದು, ಅವಳಿಗಳಲ್ಲಿ ಇಬ್ಬರಿಗೂ ಅಕ್ಷರ ಒಂದೇ. ಆದ್ದರಿಂದ ಒಬ್ಬರಿಗೆ ಮಾತ್ರ ಕಾಯಿಲೆ ಬಂದದ್ದಕ್ಕೆ ಅಕ್ಷರವೊಂದೇ ಕಾರಣವಾಗಲಾರದು. ಅವಳಿಗಳು ಯಾವ ವಂಶವಾಹಿಯನ್ನು ನೋಡಬೇಕೆಂದು ದಾರಿ ತೋರಿಸಿದರು, ಅಷ್ಟೆ. ಎರಡನೆಯದು, 2004ರಲ್ಲಿ ಯುರೋಪಿನ ಸಂಶೋಧಕರು ತಮ್ಮ ರೋಗಿಗಳಲ್ಲಿ ಇದೇ ಅಕ್ಷರವನ್ನು ಪರೀಕ್ಷಿಸಿದಾಗ ಕಾಯಿಲೆಯೊಂದಿಗೆ ನಂಟು ಕಾಣಲಿಲ್ಲ. ಆ ಅಕ್ಷರ ಚೀಟಿಗಳ ಲೆಕ್ಕವನ್ನು ಬದಲಿಸಬಹುದು, ಆದರೆ ಅದೇ ಕಾಯಿಲೆಯ ಕಾರಣವೆಂದು ಹೇಳಲು ಕೆಲವು ನೂರು ಜನರ ಲೆಕ್ಕ ಸಾಲದು. ಆ ಕಾಲದ ಇಂಥ ಹಲವು ಸಂಶೋಧನೆಗಳಿಗೆ ಇದೇ ಗತಿಯಾಯಿತು. ಸಾವಿರಾರು ಜನರನ್ನು ಸೇರಿಸಿ ಅಧ್ಯಯನ ಮಾಡುವ ಈಗಿನ ಪದ್ಧತಿ ಹುಟ್ಟಿದ್ದು ಇಂಥ ಅನುಭವಗಳಿಂದಲೇ.

ಆ ಪದ್ಧತಿಯಲ್ಲಿ ಜಪಾನ್ ಹಿಂದೆ ಬೀಳಲಿಲ್ಲ. ಐಚಿ ಪ್ರಾಂತ್ಯದ ಫುಜಿತಾ ಆರೋಗ್ಯ ವಿಶ್ವವಿದ್ಯಾಲಯದ ಮಸಾಶಿ ಇಕೆದಾ, ನಕಾವೊ ಇವಾತಾ ಮತ್ತು ಸಂಗಡಿಗರು 2,964 ಜಪಾನೀ ಬೈಪೋಲಾರ್ ರೋಗಿಗಳನ್ನೂ 61,887 ಇತರರನ್ನೂ ಹೋಲಿಸಿ 2018ರಲ್ಲಿ ಫಲಿತಾಂಶ ಪ್ರಕಟಿಸಿದರು. 11ನೆಯ ವರ್ಣತಂತುವಿನಲ್ಲಿ ಎಫ್‌ಎಡಿಎಸ್ ಎಂಬ ವಂಶವಾಹಿಗಳ ಗುಂಪಿನ ಬಳಿ ಒಂದು ಹೊಸ ತಾಣ ಸಿಕ್ಕಿತು. ಮಿದುಳಿಗೆ ಬೇಕಾದ ಕೊಬ್ಬಿನ ಆಮ್ಲಗಳನ್ನು ತಯಾರಿಸುವ ಕಿಣ್ವಗಳ ವಂಶವಾಹಿಗಳಿವು. ಈ ತಾಣದ ಅಕ್ಷರಗಳು ಕಿಣ್ವಗಳ ಚೀಟಿ ಎಷ್ಟು ಹೊರಡಬೇಕೆಂಬುದನ್ನು ಬದಲಿಸುತ್ತವೆ. ಮೀನಿನಲ್ಲಿ ಅಂಥ ಆಮ್ಲಗಳು ಹೇರಳವಾಗಿವೆ. ಹಾಗೆಂದು ಮೀನೆಣ್ಣೆಯ ಗುಳಿಗೆ ನುಂಗಿದರೆ ಬೈಪೋಲಾರ್ ಕಾಯಿಲೆ ವಾಸಿಯಾಗುತ್ತದೆಂದು ಯಾರೂ ತಿಳಿಯಬಾರದು. ವೈದ್ಯರು ಕೊಟ್ಟ ಔಷಧವನ್ನು ನಿಲ್ಲಿಸಲೂಬಾರದು.

ಕ್ಯೋಟೋದಿಂದ ಬೆಂಗಳೂರಿಗೆ

ಬದುಕಿರುವ ರೋಗಿಯ ಮಿದುಳನ್ನು ತೆರೆಯದೆ ಅವರದೇ ನರಕೋಶಗಳನ್ನು ನೋಡುವ ದಾರಿಯನ್ನೂ ಜಪಾನೇ ತೋರಿಸಿತು. ಕ್ಯೋಟೋ ವಿಶ್ವವಿದ್ಯಾಲಯದ ಶಿನ್ಯಾ ಯಮನಾಕಾ 2006ರಲ್ಲಿ ಇಲಿಯ, 2007ರಲ್ಲಿ ಮನುಷ್ಯರ ಚರ್ಮದ ಕೋಶಗಳನ್ನು ಮತ್ತೆ ಆದಿಸ್ಥಿತಿಗೆ ತಂದರು. ಐಪಿಎಸ್ ಎಂಬ ಈ ಕೋಶಗಳಿಂದ ನರಕೋಶಗಳನ್ನೂ ಬೆಳೆಸಬಹುದು. 2012ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ದೊರೆಯಿತು.

ಬೆಂಗಳೂರಿನಲ್ಲಿ 2016ರಲ್ಲಿ ಆರಂಭವಾದ ಒಂದು ಕಾರ್ಯಕ್ರಮ ಇದೇ ವಿಧಾನವನ್ನು ಬಳಸುತ್ತದೆ. ನಿಮ್ಹಾನ್ಸ್, ರಾಷ್ಟ್ರೀಯ ಜೀವವಿಜ್ಞಾನಗಳ ಕೇಂದ್ರ ಮತ್ತು ಇನ್‌ಸ್ಟೆಮ್ ಸಂಸ್ಥೆಗಳು ಸೇರಿ ಇದನ್ನು ನಡೆಸಿವೆ. ಒಂದಕ್ಕಿಂತ ಹೆಚ್ಚು ಜನರಿಗೆ ತೀವ್ರ ಮಾನಸಿಕ ಕಾಯಿಲೆ ಇರುವ ಕುಟುಂಬಗಳು ಒಪ್ಪಿಗೆ ಕೊಟ್ಟು ಇದರಲ್ಲಿ ಪಾಲ್ಗೊಳ್ಳುತ್ತವೆ. ರೋಗಿಯ ಮತ್ತು ಅದೇ ಮನೆಯ ಆರೋಗ್ಯವಂತರ ರಕ್ತದಿಂದ ಐಪಿಎಸ್ ಕೋಶಗಳನ್ನು ಮಾಡಿ, ನರಕೋಶಗಳಾಗಿ ಬೆಳೆಸಿ, ಹೋಲಿಸುತ್ತಾರೆ. ಹೆಣ್ಣು ಗಂಡು ನೋಡುವಾಗ ಮುಚ್ಚಿಡುವ ಸಂಗತಿಯನ್ನು ಈ ಕುಟುಂಬಗಳು ವಿಜ್ಞಾನಕ್ಕಾಗಿ ತೆರೆದಿಟ್ಟಿವೆ. ಮರಣಾನಂತರ ದಾನವಾಗಿ ಬಂದ ಮಿದುಳುಗಳನ್ನು ಕಾಪಾಡುವ ಸಂಗ್ರಹವೂ ನಿಮ್ಹಾನ್ಸ್‌ನಲ್ಲಿ 1995ರಿಂದ ಇದೆ. ಜಪಾನಿನಲ್ಲಿ ಫುಕುಶಿಮಾ ವೈದ್ಯಕೀಯ ವಿಶ್ವವಿದ್ಯಾಲಯದಲ್ಲಿ ಮಾನಸಿಕ ಕಾಯಿಲೆಗಳ ಅಧ್ಯಯನಕ್ಕೆಂದೇ ಅಂಥ ಒಂದು ಬ್ಯಾಂಕ್ ಇದೆ.

ತಪ್ಪು ತಿಳಿವಳಿಕೆಯ ಬೆಲೆ

ಇಷ್ಟೆಲ್ಲ ಸೂಕ್ಷ್ಮ ನಮಗೇಕೆ ಬೇಕು ಎನಿಸಬಹುದು. ಇದೇ ದೇಶದ ಇತಿಹಾಸ ಅದಕ್ಕೆ ಉತ್ತರ ಕೊಡುತ್ತದೆ. 1948ರಿಂದ 1996ರವರೆಗೆ ಜಪಾನಿನಲ್ಲಿ ಸುಜನನ ರಕ್ಷಣೆ ಎಂಬ ಹೆಸರಿನ ಕಾಯಿದೆ ಇತ್ತು. ಮಾನಸಿಕ ಕಾಯಿಲೆ ಅಥವಾ ಅಂಗವೈಕಲ್ಯ ಇದ್ದವರಿಗೆ ಮಕ್ಕಳಾಗದಂತೆ ಶಸ್ತ್ರಚಿಕಿತ್ಸೆ ಮಾಡಲು ಅದು ಅವಕಾಶ ಕೊಟ್ಟಿತ್ತು. ಸುಮಾರು 25,000 ಜನರು ಇದಕ್ಕೆ ಗುರಿಯಾದರು. ಅವರಲ್ಲಿ ಸುಮಾರು 16,500 ಮಂದಿಯ ಒಪ್ಪಿಗೆಯನ್ನೇ ಕೇಳಿರಲಿಲ್ಲ. ಕಾಯಿಲೆ ವಂಶದಲ್ಲಿ ಬಂದೇ ತೀರುತ್ತದೆ ಎಂಬ ನಂಬಿಕೆಯೇ ಅದಕ್ಕೆ ಆಧಾರ. ಆ ಕಾಯಿದೆ ಸಂವಿಧಾನಕ್ಕೆ ವಿರುದ್ಧವಾಗಿತ್ತು ಎಂದು ಜಪಾನಿನ ಸರ್ವೋಚ್ಚ ನ್ಯಾಯಾಲಯ 2024ರ ಜುಲೈ 3ರಂದು ತೀರ್ಪು ಕೊಟ್ಟಿತು. ಅದೇ ವರ್ಷ ಸಂತ್ರಸ್ತರಿಗೆ 1.5 ಕೋಟಿ ಯೆನ್ ಪರಿಹಾರ ಕೊಡುವ ಕಾನೂನು ಬಂದಿತು. ಅಷ್ಟರಲ್ಲಿ ಅವರಲ್ಲಿ ಅನೇಕರು ತೀರಿಕೊಂಡಿದ್ದರು.

ಇದೇ ದೇಶ ಒಂದು ಒಳ್ಳೆಯ ಹೆಜ್ಜೆಯನ್ನೂ ಇಟ್ಟಿದೆ. ಸ್ಕಿಜೋಫ್ರೇನಿಯಾಕ್ಕೆ ಜಪಾನೀ ಭಾಷೆಯಲ್ಲಿ 'ಸೇಶಿನ್ ಬುನ್‌ರೆತ್ಸು ಬ್ಯೋ', ಅಂದರೆ ಮನಸ್ಸು ಸೀಳಿದ ಕಾಯಿಲೆ, ಎಂಬ ಹೆಸರಿತ್ತು. ಈ ಹೆಸರೇ ಅವಮಾನಕರ, ಬದಲಿಸಿ ಎಂದು 1993ರಲ್ಲಿ ರೋಗಿಗಳ ಕುಟುಂಬಗಳ ಒಕ್ಕೂಟ ಕೇಳಿಕೊಂಡಿತು. 2002ರಲ್ಲಿ ಮನೋವೈದ್ಯರ ಸಂಘ ಅದನ್ನು 'ತೋಗೋ ಶಿತ್‌ಚೋ ಶೋ' ಎಂದು ಬದಲಿಸಿತು. ಹೊಂದಾಣಿಕೆ ತಪ್ಪಿದ ಸ್ಥಿತಿ ಎಂದು ಅದರ ಅರ್ಥ. ತಪ್ಪಿದ ಹೊಂದಾಣಿಕೆಯನ್ನು ಮತ್ತೆ ಸರಿಪಡಿಸಬಹುದು ಎಂಬ ಭಾವ ಅದರಲ್ಲಿದೆ. ಹಿಂದೆ ಶೇ. 37ರಷ್ಟು ರೋಗಿಗಳಿಗೆ ಮಾತ್ರ ವೈದ್ಯರು ಕಾಯಿಲೆಯ ಹೆಸರನ್ನು ಹೇಳುತ್ತಿದ್ದರು. ಮೂರೇ ವರ್ಷಗಳಲ್ಲಿ ಅದು ಶೇ. 70ರಷ್ಟಾಯಿತು.

ನಾವು ಏನು ಮಾಡಬಹುದು?

ಮೊದಲು ಕೇಳಿದ ಪ್ರಶ್ನೆಗೆ ಈಗ ಉತ್ತರ ಕೊಡಬಹುದು. ಮಾನಸಿಕ ಕಾಯಿಲೆಯಲ್ಲಿ ವಂಶವಾಹಿಗಳ ಪಾಲಿದೆ. ಆದರೆ ಆ ಪಾಲು ನೂರಾರು ಅಕ್ಷರಗಳಲ್ಲಿ ಹಂಚಿಹೋಗಿದೆ. ಒಂದೊಂದೂ ಯಾವುದೋ ಒಂದು ಚೀಟಿಯ ಲೆಕ್ಕವನ್ನು ಸ್ವಲ್ಪ ಏರಿಸುತ್ತದೆ ಅಥವಾ ಇಳಿಸುತ್ತದೆ. ಇಂಥವರಿಗೆ ಕಾಯಿಲೆ ಬಂದೇ ಬರುತ್ತದೆಂದು ಹೇಳುವ ಡಿಎನ್‌ಎ ಪರೀಕ್ಷೆ ಇಂದಿಗೂ ಇಲ್ಲ. ಹಾಗೆ ಹೇಳಿ ಹಣ ಕೇಳುವವರನ್ನು ನಂಬಬೇಕಾಗಿಲ್ಲ. ಅಳತೆ ಏರುಪೇರಾದರೆ ಸರಿಪಡಿಸುವ ದಾರಿ ಹುಡುಕಬಹುದು. ಮುಂದಿನ ಔಷಧಗಳಿಗೆ ಈ ಸಂಶೋಧನೆಗಳು ದಾರಿ ತೋರಿಸಬಹುದೆಂಬ ಆಸೆ ಇದೆ. ಇಂದು ಲಭ್ಯವಿರುವ ಚಿಕಿತ್ಸೆಯಿಂದಲೂ ಬಹಳ ಜನ ಓದು, ಉದ್ಯೋಗ, ಸಂಸಾರ ನಡೆಸುತ್ತಿದ್ದಾರೆ.

ಪರದೇಶದಲ್ಲಿರುವ ನಮಗೆ ಭಾಷೆಯೊಂದು ಅಡ್ಡಿ. ಮಗನೋ ಮಗಳೋ, ಸೊಸೆಯೋ ವಾರಗಟ್ಟಲೆ ನಿದ್ರೆ ಮಾಡದಿದ್ದರೆ, ಮಾತು ಬಿಟ್ಟರೆ, ಇಲ್ಲದ್ದನ್ನು ಕಂಡಂತೆ ಹೇಳಿದರೆ "ಊರಿಗೆ ಹೋದಾಗ ನೋಡೋಣ" ಎಂದು ಮುಂದೂಡುವುದು ಬೇಡ. ಟೋಕಿಯೊದಲ್ಲಿ ಟೆಲ್ ಎಂಬ ಸಂಸ್ಥೆ 1973ರಿಂದ ಇಂಗ್ಲಿಷಿನಲ್ಲಿ ನೆರವು ನೀಡುತ್ತಿದೆ. ಊರಿನಲ್ಲಿರುವ ನಮ್ಮವರಿಗೆ 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆ 14416 ಸಂಖ್ಯೆಯಲ್ಲಿ ಕನ್ನಡದಲ್ಲಿಯೂ ಸಿಗುತ್ತದೆ. ಮುಂದೆ ಯಾವುದಾದರೂ ಮದುವೆಯ ಮಾತುಕತೆಯಲ್ಲಿ ಆ ಹಳೆಯ ಪ್ರಶ್ನೆ ಬಂದರೆ, ಇಲ್ಲಿ ಓದಿದ ಮಕ್ಕಳು ಹಿರಿಯರ ಪಕ್ಕ ಕುಳಿತು ಉಗ್ರಾಣದ ಚೀಟಿಯ ಕಥೆಯನ್ನು ಹೇಳಲಿ ಎಂಬುದು ನಮ್ಮ ಆಸೆ.

ಯೋಚಿಸಿ ಉತ್ತರಿಸಿ

1. ಕಿವಿಯ ಗುಗ್ಗೆಯ ಅಕ್ಷರಕ್ಕೂ ಹಾಲಿನ ಅಕ್ಷರಕ್ಕೂ ಇರುವ ಮುಖ್ಯ ವ್ಯತ್ಯಾಸವೇನು?

2. ಒಂದು ತಾಣದಲ್ಲಿ ಎಎ ಗುಂಪಿನವರ ಚೀಟಿಗಳು 40, ಎಜಿ ಗುಂಪಿನವರದು 55, ಜಿಜಿ ಗುಂಪಿನವರದು 70. ಒಂದು ಜಿ ಅಕ್ಷರ ಎಷ್ಟು ಚೀಟಿಗಳನ್ನು ಹೆಚ್ಚಿಸುತ್ತದೆ?

3. ಒಂದೇ ಹೋಲುವ ಅವಳಿಗಳಲ್ಲಿ ಒಬ್ಬರಿಗೆ ಮಾತ್ರ ಕಾಯಿಲೆ ಬಂದರೆ ಅದರಿಂದ ನಮಗೆ ಏನು ತಿಳಿಯುತ್ತದೆ?

4. ವಾಕೋದ ಸಂಶೋಧನೆಯನ್ನು ಬೇರೆ ದೇಶದವರು ಮತ್ತೆ ಪರೀಕ್ಷಿಸಿದ್ದು ಏಕೆ ಅಗತ್ಯವಾಗಿತ್ತು? ಮನೆಯಲ್ಲಿ ಹಿರಿಯರೊಂದಿಗೆ ಚರ್ಚಿಸಿ.